ಕಾಲೆತ್ತಿದವನ ಕಷ್ಟ

1997ನೆಯ ಇಸವಿ ಜುಲೈ 27. ಅಮೆರಿಕದ ಅಲಬಾಮಾ ರಾಜ್ಯದ ಬರ್ಮಿಂಗ್‌ಹ್ಯಾಮ್ ನಗರ. ತಂತಿಬಲೆಯಿಂದ ಸುತ್ತುವರಿದ ಎಂಟು ಮೂಲೆಯ ಕಣದೊಳಗೆ ಇಬ್ಬರು ಘಟಾನುಘಟಿಗಳು ಎದುರುಬದುರಾಗಿ ನಿಂತರು. ಒಬ್ಬ ಮಾರ್ಕ್ ಕೋಲ್ಮನ್. 1992ರ ಒಲಿಂಪಿಕ್ ಪಂದ್ಯಗಳಲ್ಲಿ ಸೆಣಸಿದ್ದ ಜಟ್ಟಿ, ಈ ಬಗೆಯ ಕಾಳಗದಲ್ಲಿ ಅದುವರೆಗೆ ಸೋಲನ್ನೇ ಕಾಣದವನು. ಇನ್ನೊಬ್ಬ ಮಾರಿಸ್ ಸ್ಮಿತ್. ಕೈಗಳಂತೆ ಕಾಲುಗಳಿಂದಲೂ ಪ್ರಹರಿಸುವ ಕಿಕ್‌ಬಾಕ್ಸಿಂಗ್ ವಿದ್ಯೆಯಲ್ಲಿ ವಿಶ್ವವಿಜೇತ. ಗುದ್ದು, ಒದೆತ, ಕುಸ್ತಿಯ ಪಟ್ಟು, ಕತ್ತು ಬಿಗಿಯುವ ಹಿಡಿತ, ಕೀಲು ತಿರುಚುವ ವರಸೆ ಎಲ್ಲಕ್ಕೂ ಅನುಮತಿಯಿರುವ ಈ ಸ್ಪರ್ಧೆಗೆ ಮಿಶ್ರ ಸಮರಕಲೆಯೆಂದು ಹೆಸರು. ಗೆಲುವು ಜಟ್ಟಿಗೇ ಮೀಸಲೆಂದು ಬಹುಮಂದಿ ಮೊದಲೇ ತೀರ್ಮಾನಿಸಿಬಿಟ್ಟಿದ್ದರು.

ಅದಕ್ಕೆ ಕಾರಣವಿಲ್ಲದಿರಲಿಲ್ಲ. ಒದೆಯಬೇಕಾದರೆ ಒಂದು ಕಾಲನ್ನು ಎತ್ತಲೇಬೇಕಷ್ಟೆ? ಎತ್ತಿದ ಆ ಕ್ಷಣದಲ್ಲಿ ಎಂಥ ವೀರನೂ ಒಂಟಿಕಾಲಿನ ಕೊಕ್ಕರೆಯೇ. ಕಿಕ್‌ಬಾಕ್ಸಿಂಗ್ ಕಣದಲ್ಲಿ ಇದರಿಂದ ಅಷ್ಟಾಗಿ ಬಾಧಕವಿಲ್ಲ. ಬಿದ್ದವನು ಎದ್ದು ನಿಲ್ಲುವವರೆಗೆ ಅವನನ್ನು ಯಾರೂ ಮುಟ್ಟುವಂತಿಲ್ಲ. ಜಟ್ಟಿಯ ಮುಂದಾದರೋ ಎತ್ತಿದ ಕಾಲು ಅವನ ಕೈಗೆ ತಾನಾಗಿ ಇತ್ತ ಕಾಣಿಕೆ. 1994ರಲ್ಲಿ ಜಪಾನಿನ ಕಣಗಳಲ್ಲಿ ನೆಲದ ಹಿಡಿತಗಳಿಗೆ ಸಿಕ್ಕಿ ಸೋಲೊಪ್ಪಿದ್ದ ಸ್ಮಿತ್‌ಗೆ ಈ ಸತ್ಯವನ್ನು ಯಾರೂ ಬಿಡಿಸಿ ಹೇಳಬೇಕಾಗಿರಲಿಲ್ಲ.

ಆದುದರಿಂದ ಕಿಕ್‌ಬಾಕ್ಸಿಂಗ್‌ನಿಂದ ಇತ್ತ ಬಂದವನು ಮೊದಲು ಬದಲಿಸುವುದು ಹೊಡೆತವನ್ನಲ್ಲ, ನಿಲುವನ್ನು. ನೆಟ್ಟಗೆ ನಿಂತು, ಮುಂದಿನ ಕಾಲನ್ನು ಹಗುರವಾಗಿ ಆಡಿಸುತ್ತಿದ್ದವನು ಈಗ ಕಾಲುಗಳನ್ನು ಅಗಲಿಸಿ, ಸೊಂಟವನ್ನು ತಗ್ಗಿಸಿ, ಎದುರಾಳಿಯಿಂದ ಒಂದು ಹೆಜ್ಜೆ ಹೆಚ್ಚು ದೂರದಲ್ಲಿ ನಿಲ್ಲುತ್ತಾನೆ. ಕೈಗವಸಿನ ಕಥೆಯೂ ಬೇರೆ. 10 ಔನ್ಸಿನ ದಪ್ಪ ಗವಸುಗಳ ಮರೆಯಲ್ಲಿ ಮುಖವನ್ನಡಗಿಸಿ ನಾಲ್ಕು ಗುದ್ದು ತಡೆದುಕೊಳ್ಳಬಹುದು. ಇಲ್ಲಿನ 4 ಔನ್ಸಿನ ಗವಸಿನಲ್ಲಿ ಬೆರಳುಗಳೇ ಹೊರಗಿರುತ್ತವೆ, ಏಟು ಸಂದಿಯಲ್ಲಿ ನುಸುಳಿ ಬರುತ್ತದೆ. ಐದಾರು ಏಟುಗಳ ಸರಮಾಲೆಗೆ ಕೈಹಾಕಿದರೆ ಜಟ್ಟಿ ಅಷ್ಟರಲ್ಲಿ ತೋಳುಗಳ ಕೆಳಗೆ ನುಗ್ಗಿರುತ್ತಾನೆ. ಒಂದೆರಡು ಏಟು ಕೊಟ್ಟು ಪಕ್ಕಕ್ಕೆ ಸರಿಯುವುದೇ ಜಾಣತನ. ಪಕ್ಕೆಗೆ ಒದೆಯುವುದಂತೂ ಜೂಜು. ಆ ಕಾಲನ್ನು ಕಂಕುಳಲ್ಲಿ ಹಿಡಿದಿಡುವುದು ಸುಲಭ. ಮೀನಖಂಡಕ್ಕೆ ಬೀಸಿದ ಒದೆತವಾದರೆ ಕೈಗೆಟುಕದು. ಅಂಥವು ನಾಲ್ಕಾರು ಬಿದ್ದರೆ ಕಾಲೂರುವುದೇ ದುಸ್ತರ.

ಇಷ್ಟೆಲ್ಲ ಕಲಿತರೂ ಒಂದು ಉಳಿಯುತ್ತದೆ: ಬಿದ್ದರೆ ಏನು ಗತಿಯೆಂಬ ಭಯ. ಆ ಭಯ ಹೊಕ್ಕವನ ಕಾಲು ಮೇಲೇಳುವುದೇ ಇಲ್ಲ. ಸ್ಮಿತ್ ಮದ್ದು ಹುಡುಕಿದ್ದು ಇದಕ್ಕೆ. ನೆಲದ ಹಿಡಿತಗಳಲ್ಲಿ ಪಳಗಿದ ಫ್ರ್ಯಾಂಕ್ ಶ್ಯಾಮ್‌ರಾಕ್‌ನ ಜೊತೆಗೂಡಿ ಆತ ಅಭ್ಯಾಸ ನಡೆಸಿದ. ಜಟ್ಟಿಯನ್ನು ಕುಸ್ತಿಯಲ್ಲಿ ಗೆಲ್ಲಲಿಕ್ಕಲ್ಲ, ಕೆಳಗೆ ಬಿದ್ದೂ ಬದುಕಿಕೊಳ್ಳಲಿಕ್ಕೆ.

ಅಂದು ನಡೆದುದೂ ಹಾಗೆಯೇ. ಕೋಲ್ಮನ್ ಬೇಗನೆ ಅವನನ್ನು ಕೆಡವಿ ಮೇಲೇರಿದ. ಸ್ಮಿತ್ ಗಾಬರಿಗೊಳ್ಳಲಿಲ್ಲ. ತನ್ನ ಕಾಲುಗಳನ್ನು ಅವನ ನಡುವಿಗೆ ಹೆಣೆದು, ತೋಳುಗಳನ್ನು ಕಟ್ಟಿಹಾಕಿ, ಕೆಳಗಿನಿಂದಲೇ ಮೊಣಕೈಯಿಂದ ತಿವಿಯುತ್ತ ಕಾಲ ಕಳೆದ. ನಿಮಿಷಗಳು ಉರುಳಿದಂತೆ ಮೇಲಿದ್ದವನಿಗೇ ಏದುಸಿರು! ಸ್ಮಿತ್ ಎದ್ದು ನಿಂತ ಮೇಲೆ ಆಟ ಅವನದಾಯಿತು. ಬಳಲಿ ಬೆಂಡಾದ ಕೋಲ್ಮನ್‌ನ ಕಾಲುಗಳಿಗೆ ಒದೆತದ ಮೇಲೆ ಒದೆತ. ಹಿಡಿಯಲು ಕೋಲ್ಮನ್‌ನಲ್ಲಿ ಕಸುವೇ ಇರಲಿಲ್ಲ. ಹೆಚ್ಚುವರಿ ಅವಧಿಗಳೂ ಸೇರಿ 21 ನಿಮಿಷಗಳಾದ ಮೇಲೆ ತೀರ್ಪುಗಾರರು ಒಮ್ಮತದಿಂದ ಸ್ಮಿತ್‌ನ ಕೈ ಎತ್ತಿಸಿದರು.

ಕ್ರೊಯೇಷಿಯಾದ ಮಿರ್ಕೊ ಫಿಲಿಪೊವಿಚ್ ಇದೇ ಹಾದಿಯನ್ನು ಇನ್ನೂ ಎತ್ತರಕ್ಕೆ ಏರಿದವನು. ಪೊಲೀಸಿನವನಾಗಿದ್ದುದರಿಂದ ಜನ ಅವನನ್ನು ಕ್ರೊ ಕಾಪ್ ಎಂದರು. ಅವನ ಎಡಗಾಲು ತಲೆಯೆತ್ತರಕ್ಕೆ ಮಿಂಚಿದರೆ ಎದುರಾಳಿ ನೆಲಕ್ಕೊರಗಿದನೆಂದೇ ಲೆಕ್ಕ. 2003ರ ನವೆಂಬರಿನಲ್ಲಿ ಟೋಕಿಯೋದಲ್ಲಿ ಬ್ರೆಜಿಲ್‌ನ ನೊಗೇರನನ್ನು ಮೊದಲ ಸುತ್ತಿನುದ್ದಕ್ಕೂ ಹಣ್ಣುಮಾಡಿದ. ಎರಡನೆಯ ಸುತ್ತಿನಲ್ಲಿ ಒಮ್ಮೆ ಕೆಳಗೆ ಬಿದ್ದ, ತೋಳನ್ನು ತಿರುಚಿಸಿಕೊಂಡು ಸೋತ. ಆ ಪಾಠ ವ್ಯರ್ಥವಾಗಲಿಲ್ಲ. 2006ರ ಸೆಪ್ಟೆಂಬರ್ 10ರಂದು, ತನ್ನ 32ನೆಯ ಹುಟ್ಟುಹಬ್ಬದ ದಿನ, ಒಂದೇ ರಾತ್ರಿ ಇಬ್ಬರನ್ನು ಸೋಲಿಸಿ ಜಪಾನಿನ ಪ್ರೈಡ್ ಪಂದ್ಯಾವಳಿಯನ್ನು ಗೆದ್ದ. ಆ ವೇಳೆಗೆ ಅವನನ್ನು ಕೆಡವುವುದೇ ದುಸ್ಸಾಧ್ಯವಾಗಿತ್ತು. ಕೆಡವಲಾರದವರು ಅವನ ಕಾಲಿಗೆ ತಲೆಯೊಡ್ಡಲೇಬೇಕಾಗಿತ್ತು.

2007ರ ಏಪ್ರಿಲ್ 21ರಂದು ಇಂಗ್ಲೆಂಡಿನ ಮ್ಯಾಂಚೆಸ್ಟರಿನಲ್ಲಿ ಅವನಿಗೆದುರಾದವನು ಗೇಬ್ರಿಯಲ್ ಗೊನ್ಜಾಗ, ನೆಲದ ಹಿಡಿತಗಳಲ್ಲಿ ನಿಪುಣನೆಂದು ಹೆಸರಾದವನು. ಆತ ಫಿಲಿಪೊವಿಚ್‌ನನ್ನು ಕೆಡವಿ ಮೊಣಕೈಗಳಿಂದ ಜಜ್ಜಿದ. ನಿರ್ಣಾಯಕನು ಇಬ್ಬರನ್ನೂ ಎಬ್ಬಿಸಿ ನಿಲ್ಲಿಸಿದ. ಮತ್ತೆ ಎಲ್ಲಿ ಕೆಡವಿಯಾನೋ ಎಂಬಂತೆ ಫಿಲಿಪೊವಿಚ್‌ನ ಕೈಗಳು ತಗ್ಗಿದ್ದವು. ಮೊದಲ ಸುತ್ತು ಮುಗಿಯಲು ಇನ್ನು ಕೆಲವೇ ಸೆಕೆಂಡುಗಳಿದ್ದಾಗ ಗೊನ್ಜಾಗನ ಬಲಗಾಲು ಮೇಲೆದ್ದು, ಆ ಕಾಲ್ಬೀಸಿನ ಸಾಮ್ರಾಟನ ತಲೆಗೇ ಅಪ್ಪಳಿಸಿತು.