ಕಾರು ಗ್ಯಾರೇಜಿನಲ್ಲಿ, ಕಂತು ಬ್ಯಾಂಕಿನಲ್ಲಿ

ಚೆನ್ನೈ ಮಹಾನಗರದಲ್ಲಿ ಹಸಿರು ನಂಬರ್ ಪ್ಲೇಟಿನ ಕಾರುಗಳು ಈಗ ಅಪರೂಪದ ನೋಟವೇನಲ್ಲ. ಒಎಂಆರ್ ರಸ್ತೆಯ ಕಂಪನಿಗಳಲ್ಲಿ ಕೆಲಸ ಮಾಡುವ ಕನ್ನಡಿಗ ತರುಣರು, ಹೋಟೆಲ್ ಉದ್ಯಮಿಗಳು, ನಿವೃತ್ತಿಯ ಹಣ ಕೈಗೆ ಬಂದವರು ವಿದ್ಯುತ್ ಕಾರಿನತ್ತ ಒಲಿಯುತ್ತಿದ್ದಾರೆ. ಪೆಟ್ರೋಲ್ ಬಂಕಿನ ಸಾಲಿನಲ್ಲಿ ನಿಲ್ಲಬೇಕಿಲ್ಲ, ಹೊಗೆಯಿಲ್ಲ, ಸದ್ದಿಲ್ಲ, ಥರ್ಡ್ ಪಾರ್ಟಿ ವಿಮೆಯ ಪ್ರೀಮಿಯಂನಲ್ಲೂ 2022ರ ಜೂನ್‌ನಿಂದ ಶೇ. 15ರ ರಿಯಾಯಿತಿ ಇದೆ. ಇವೆಲ್ಲ ಸಂತೋಷದ ವಿಷಯಗಳೇ. ಒಮ್ಮೆ ಚಾರ್ಜ್ ಮಾಡಿದರೆ ಬೆಂಗಳೂರು ಮುಟ್ಟಬಹುದೇ ಎಂದು ಷೋರೂಂನಲ್ಲಿ ಎಲ್ಲರೂ ಕೇಳುತ್ತಾರೆ. ಕಾರಿಗೆ ಪೆಟ್ಟು ಬಿದ್ದ ದಿನ ಅದನ್ನು ಎಲ್ಲಿ, ಯಾರು, ಎಷ್ಟು ದಿನದಲ್ಲಿ ಸರಿಮಾಡಿ ಕೊಡುತ್ತಾರೆ ಎಂದು ಕೇಳುವವರು ಮಾತ್ರ ಕಡಿಮೆ.

ವೇಳಚ್ಚೇರಿಯಲ್ಲಿ ಮನೆ, ಶೋಲಿಂಗನಲ್ಲೂರಿನಲ್ಲಿ ಕಚೇರಿ ಇರುವ ಒಬ್ಬರು ಹೊಸ ಬ್ರ್ಯಾಂಡಿನ ವಿದ್ಯುತ್ ಕಾರು ಕೊಂಡಿದ್ದಾರೆ ಎಂದಿಟ್ಟುಕೊಳ್ಳೋಣ. ಸಿಗ್ನಲ್‌ನಲ್ಲಿ ನಿಂತಿದ್ದಾಗ ನೀರಿನ ಲಾರಿಯೊಂದು ಹಿಂದಿನಿಂದ ತಾಗುತ್ತದೆ. ದೇವರ ದಯೆ, ಯಾರಿಗೂ ಗಾಯವಿಲ್ಲ. ಬಂಪರ್ ಸೀಳಿದೆ, ಹಿಂಬಾಗಿಲು ಮುಚ್ಚುತ್ತಿಲ್ಲ, ಒಂದು ಲೈಟು ಚೂರಾಗಿದೆ. ಹಳೆಯ ಮಾರುತಿಯಾಗಿದ್ದರೆ ಇದು ವಾರ ಹತ್ತು ದಿನದ ಕೆಲಸ. ಇಲ್ಲಿ ಹಾಗಲ್ಲ. ಷೋರೂಂ ಇದೆ, ಟಿಂಕರಿಂಗ್ ಷೆಡ್ ಇಲ್ಲ. ಕಾರನ್ನು ಊರಾಚೆಯ ಇನ್ನೊಂದು ಗ್ಯಾರೇಜಿಗೆ ಎಳೆದುಕೊಂಡು ಹೋಗಬೇಕು. ವಿಮಾ ಸರ್ವೇಯರ್ ಬಂದು ನೋಡಬೇಕು. ಬ್ಯಾಟರಿಗೆ ಏನಾದರೂ ಆಗಿದೆಯೇ ಎಂದು ಕಂಪನಿಯ ತಂತ್ರಜ್ಞರು ಹೇಳುವವರೆಗೆ ಅಂದಾಜು ಪಟ್ಟಿ ಮುಗಿಯುವುದಿಲ್ಲ. ಅದೂ ಮುಗಿದ ಮೇಲೆ ಒಂದೇ ಉತ್ತರ: ‘ಪಾರ್ಟ್ಸ್ ಆರ್ಡರ್ ಹಾಕಿದ್ದೇವೆ ಸಾರ್, ಬಂದ ಕೂಡಲೇ ಫೋನ್ ಮಾಡುತ್ತೇವೆ.’

ಫೋನ್ ಬರುವವರೆಗೆ ಬ್ಯಾಂಕಿನ ಕಂತು ನಿಲ್ಲುವುದಿಲ್ಲ. ಶೇ. 9ರ ಬಡ್ಡಿಯಲ್ಲಿ 15 ಲಕ್ಷ ರೂಪಾಯಿ ಸಾಲವನ್ನು ಐದು ವರ್ಷಕ್ಕೆ ಪಡೆದವರ ಮಾಸಿಕ ಕಂತು ಸುಮಾರು 31,140 ರೂಪಾಯಿ. ಕಾರು ನಾಲ್ಕು ತಿಂಗಳು ಗ್ಯಾರೇಜಿನಲ್ಲಿ ನಿಂತರೆ, ಓಡದ ಕಾರಿಗಾಗಿ 1,24,000 ರೂಪಾಯಿಗೂ ಹೆಚ್ಚು ಕಟ್ಟಿದಂತಾಯಿತು. ಇದರ ಮೇಲೆ ಆಟೋ, ಟ್ಯಾಕ್ಸಿ ಖರ್ಚು ಬೇರೆ. ಕಟ್ಟಿದ ವಿಮೆಯ ಅವಧಿಯೂ ಕರಗುತ್ತಿರುತ್ತದೆ. ವಿಮೆಯ ಲೆಕ್ಕದಲ್ಲಿ ಕಾರಿನ ಮೌಲ್ಯವೂ ಕಾಯುವುದಿಲ್ಲ. ಆರು ತಿಂಗಳೊಳಗಿನ ಕಾರಿಗೆ ಶೇ. 5 ಕಳೆದರೆ, ಒಂದು ವರ್ಷದೊಳಗೆ ಶೇ. 15, ಎರಡು ವರ್ಷದೊಳಗೆ ಶೇ. 20 ಕಳೆಯುತ್ತಾರೆ. ಕಾರು ರಸ್ತೆಯಲ್ಲಿ ಓಡಿತೋ ಷೆಡ್ಡಿನಲ್ಲಿ ಧೂಳು ತಿಂದಿತೋ ಎಂದು ಆ ಕೋಷ್ಟಕ ಕೇಳುವುದಿಲ್ಲ.

ತಡಕ್ಕೆ ಕಾರಣಗಳಿಲ್ಲದೆ ಇಲ್ಲ, ಅವನ್ನು ತಿಳಿಯುವುದೂ ಅಗತ್ಯ. ವಿದ್ಯುತ್ ಕಾರಿನ ಬ್ಯಾಟರಿ ಸಾಮಾನ್ಯವಾಗಿ ಕಾರಿನ ತಳದುದ್ದಕ್ಕೂ ಹರಡಿರುತ್ತದೆ. ಅದರಲ್ಲಿ ನೂರಾರು ವೋಲ್ಟ್ ವಿದ್ಯುತ್ ಇರುವುದರಿಂದ, ಬಾಗಿಲು ಬಡಿಯುವ ಮೊದಲು ಸಂಪರ್ಕ ಕಡಿದು ಸುರಕ್ಷಿತ ಮಾಡಬಲ್ಲ ತರಬೇತಿ ಪಡೆದ ಕೆಲಸಗಾರ ಬೇಕು. ವೆಲ್ಡಿಂಗ್ ಮಾಡುವಾಗ ಎಚ್ಚರ, ಬಣ್ಣ ಹೊಡೆದು ಒಲೆಯಲ್ಲಿ ಕಾಯಿಸುವಾಗ ಬ್ಯಾಟರಿ ಬಿಸಿಯಾಗದಂತೆ ಎಚ್ಚರ. ಇನ್ನು ಬಂಪರ್ ಎಂದರೆ ಈಗ ಬರೀ ಪ್ಲಾಸ್ಟಿಕ್ ಹಲಗೆಯಲ್ಲ. ಅದರೊಳಗೆ ಸೆನ್ಸಾರ್, ರೇಡಾರ್ ಕೂತಿರುತ್ತವೆ. ಹೊಸದನ್ನು ಹಾಕಿದ ಮೇಲೆ ಅವು ಸರಿಯಾಗಿ ನೋಡುತ್ತಿವೆಯೇ ಎಂದು ಕಂಪನಿಯ ಯಂತ್ರದಿಂದಲೇ ಅಳೆದು ಹೊಂದಿಸಬೇಕು. ಕಂಪನಿಯ ಸಾಫ್ಟ್‌ವೇರ್ ಒಪ್ಪದಿದ್ದರೆ ಹೊಸ ಭಾಗ ಕೂತಿದ್ದರೂ ಕಾರು ಅದನ್ನು ಗುರುತಿಸದೆ ಇರಬಹುದು. ಅಣ್ಣಾ ಸಾಲೈ ಪಕ್ಕದ ಮೆಕ್ಯಾನಿಕ್ ಎಷ್ಟೇ ನಿಪುಣನಾದರೂ ಇಲ್ಲಿ ಕೈಕಟ್ಟಿ ನಿಲ್ಲಬೇಕಾಗುತ್ತದೆ.

ಇವೆಲ್ಲ ಎಲ್ಲ ವಿದ್ಯುತ್ ಕಾರುಗಳಿಗೂ ಅನ್ವಯಿಸುವ ಮಾತು. ಹೊಸ ಬ್ರ್ಯಾಂಡಿಗೆ ಇನ್ನೊಂದು ತೊಡಕು ಇದೆ. ಹತ್ತಾರು ಲಕ್ಷ ಕಾರು ಮಾರಿದ ಕಂಪನಿಯ ಬಿಡಿಭಾಗ ಊರೂರಿನ ಗೋದಾಮಿನಲ್ಲಿ ಇರುತ್ತದೆ, ಏಕೆಂದರೆ ದಿನವೂ ಅದಕ್ಕೆ ಗಿರಾಕಿ ಇದ್ದಾನೆ. ಕೆಲವೇ ಸಾವಿರ ಕಾರು ಮಾರಿದ ಕಂಪನಿ ಹಿಂಬಾಗಿಲೊಂದನ್ನು ಚೆನ್ನೈಯಲ್ಲಿ ಇಟ್ಟುಕೊಂಡು ಯಾರ ಕಾರಿಗೆ ಪೆಟ್ಟಾದೀತೆಂದು ಕಾಯುವುದಿಲ್ಲ. ಅದಕ್ಕೆ ಹೊಸ ಕಾರು ಜೋಡಿಸಲು ಬೇಕಾದ ಬಾಗಿಲೇ ಮುಖ್ಯ, ಒಡೆದ ಕಾರಿನ ಬಾಗಿಲು ಆಮೇಲೆ. ಮಾರಾಟದ ಅಂಕಿಗಳು ಪತ್ರಿಕೆಯಲ್ಲಿ ಬರುತ್ತವೆ, ಗ್ಯಾರೇಜಿನಲ್ಲಿ ಕಾಯುತ್ತಿರುವ ಕಾರುಗಳ ಅಂಕಿ ಎಲ್ಲೂ ಬರುವುದಿಲ್ಲವಲ್ಲ!

ಕಾರು ತಯಾರಿಕೆಯ ರಾಜಧಾನಿ ಎನಿಸಿಕೊಂಡ ಚೆನ್ನೈಯಲ್ಲಿ ಈ ಮಾತು ಬರೆಯಬೇಕಾಗಿರುವುದು ವಿಪರ್ಯಾಸ. ಇರುಂಗಾಟ್ಟುಕೋಟ್ಟೈಯ ಹ್ಯುಂಡೈ ಕಾರ್ಖಾನೆಯಲ್ಲೇ 2019ರಲ್ಲಿ ಕೋನಾ ವಿದ್ಯುತ್ ಕಾರು ಜೋಡಣೆಯಾಗಿ ಬಂತು. ಒರಗಡಂ, ಶ್ರೀಪೆರುಂಬುದೂರು, ಅಂಬತ್ತೂರು, ಪಾಡಿ ಎಂದರೆ ಬಿಡಿಭಾಗಗಳ ಊರುಗಳು. ವಿಯೆಟ್ನಾಂನ ವಿನ್‌ಫಾಸ್ಟ್ ಕಂಪನಿ 2025ರ ಆಗಸ್ಟ್ 4ರಂದು ತೂತ್ತುಕುಡಿಯಲ್ಲಿ ಕಾರ್ಖಾನೆ ತೆರೆದು, ಸೆಪ್ಟೆಂಬರ್ 6ರಂದು ತನ್ನ ಎರಡು ಕಾರುಗಳನ್ನು ಭಾರತದ ಮಾರುಕಟ್ಟೆಗೆ ಬಿಟ್ಟಿತು. ಮಾರಾಟಕ್ಕೆ ಮೊದಲೇ ಮೈಟಿವಿಎಸ್ ಮುಂತಾದ ಸೇವಾ ಸಂಸ್ಥೆಗಳೊಂದಿಗೆ ಒಪ್ಪಂದ ಮಾಡಿಕೊಂಡದ್ದು ಸರಿಯಾದ ಕ್ರಮ. ಒಪ್ಪಂದದ ಫಲ ಏನೆಂಬುದನ್ನು ಒಡೆದ ಕಾರುಗಳು ಎಷ್ಟು ಬೇಗ ಮನೆಗೆ ಮರಳುತ್ತವೆ ಎಂಬುದರಿಂದಲೇ ಅಳೆಯಬೇಕು.

ಹಳೆಯ ಕಾರಿನವರಿಗೆ ಈ ಊರಿನಲ್ಲಿ ಪುದುಪೇಟೆ ಎಂಬ ಆಸರೆ ಇದೆ. ಕಳಚಿದ ಕಾರುಗಳ ಬಾಗಿಲು, ಲೈಟು, ಗಾಜು, ಇಂಜಿನ್ ಅಲ್ಲಿಯ ಓಣಿಗಳಲ್ಲಿ ರಾಶಿ ಬಿದ್ದಿರುತ್ತವೆ. ಜನರಲ್ ಪ್ಯಾಟರ್ಸ್ ರಸ್ತೆಯಲ್ಲಿ ಹೊಸ ಬಿಡಿಭಾಗಗಳ ಅಂಗಡಿ ಸಾಲು. ಬ್ರ್ಯಾಂಡ್ ಹಳತಾಗಿ, ಸಾಕಷ್ಟು ಕಾರುಗಳು ಕಳಚಿದ ಮೇಲೆ ಮಾತ್ರ ಇಂಥ ಪೇಟೆ ಹುಟ್ಟುತ್ತದೆ. ನಿನ್ನೆ ಮೊನ್ನೆ ಬಂದ ಕಾರಿಗೆ ಪುದುಪೇಟೆ ಇಲ್ಲ.

ಈ ಸಂಕಟ ಚೆನ್ನೈಗೇ ಮೀಸಲಲ್ಲ. ಅಮೆರಿಕದಲ್ಲಿ ಟೆಸ್ಲಾ ಕಾರುಗಳು ಅಪಘಾತದ ನಂತರ ಬಹುಕಾಲ ಗ್ಯಾರೇಜಿನಲ್ಲಿ ಉಳಿಯುತ್ತವೆಂಬ ದೂರು ಹೆಚ್ಚಿ, 2018ರಲ್ಲಿ ಕಂಪನಿ ತಾನೇ ಬಾಡಿ ಷಾಪ್‌ಗಳನ್ನು ತೆರೆಯುವುದಾಗಿ ಹೇಳಬೇಕಾಯಿತು. 2023ರಲ್ಲಿ ರಿವಿಯನ್ ಕಂಪನಿಯ ಪಿಕಪ್ ಒಂದಕ್ಕೆ ಹಿಂದಿನಿಂದ ತಗುಲಿದ ಪೆಟ್ಟಿಗೆ ಸುಮಾರು 42,000 ಡಾಲರ್ ಬಿಲ್ ಆದದ್ದು ಎಲ್ಲೆಡೆ ಸುದ್ದಿಯಾಯಿತು. ಬಾಡಿಗೆ ಕಾರಿನ ಹರ್ಟ್ಜ್ ಸಂಸ್ಥೆ 2024ರ ಜನವರಿಯಲ್ಲಿ ಸುಮಾರು 20,000 ವಿದ್ಯುತ್ ಕಾರುಗಳನ್ನು ಮಾರಿಬಿಡುವುದಾಗಿ ಘೋಷಿಸಿ, ಅಪಘಾತದ ರಿಪೇರಿ ವೆಚ್ಚವನ್ನು ಕಾರಣಗಳಲ್ಲೊಂದಾಗಿ ಹೇಳಿತು. ಎಲ್ಲಕ್ಕಿಂತ ಕಷ್ಟ ಫಿಸ್ಕರ್ ಕಾರಿನವರದು. ಹೈದರಾಬಾದಿನಲ್ಲೂ ಶಾಖೆ ಇದ್ದ ಆ ಕಂಪನಿ 2024ರ ಜೂನ್‌ನಲ್ಲಿ ದಿವಾಳಿ ಅರ್ಜಿ ಹಾಕಿತು. ಕಾರಿನ ಮಾಲೀಕರೇ ಸಂಘ ಕಟ್ಟಿಕೊಂಡು ಬಿಡಿಭಾಗಗಳನ್ನು ಹುಡುಕಿ ತರುವ ಪರಿಸ್ಥಿತಿ ಬಂತು.

ಇಷ್ಟು ದೂರ ಹೋಗುವುದೂ ಬೇಡ. ಚೆನ್ನೈಯಿಂದ ಬೆಂಗಳೂರಿಗೆ ಹೋಗುವಾಗ ಹಾದುಹೋಗುವ ಕೃಷ್ಣಗಿರಿ ಜಿಲ್ಲೆಯಲ್ಲೇ ಓಲಾ ಎಲೆಕ್ಟ್ರಿಕ್ ಸ್ಕೂಟರಿನ ದೊಡ್ಡ ಕಾರ್ಖಾನೆ ಇದೆ. 2023ರ ಸೆಪ್ಟೆಂಬರಿನಿಂದ ಒಂದು ವರ್ಷದಲ್ಲಿ ಆ ಸ್ಕೂಟರುಗಳ ಬಗ್ಗೆ ರಾಷ್ಟ್ರೀಯ ಗ್ರಾಹಕ ಸಹಾಯವಾಣಿಗೆ 10,644 ದೂರುಗಳು ಬಂದವು. ಅವುಗಳಲ್ಲಿ 3,389 ಸರ್ವಿಸ್ ವಿಳಂಬದ್ದೇ. 2024ರ ಅಕ್ಟೋಬರಿನಲ್ಲಿ ಕೇಂದ್ರ ಗ್ರಾಹಕ ರಕ್ಷಣಾ ಪ್ರಾಧಿಕಾರ ಕಂಪನಿಗೆ ಷೋಕಾಸ್ ನೋಟಿಸ್ ನೀಡಿತು. ಬಹುಪಾಲು ದೂರುಗಳನ್ನು ಪರಿಹರಿಸಿದ್ದೇವೆಂದು ಕಂಪನಿ ಉತ್ತರಿಸಿತು. ಇಲ್ಲಿ ಓದುಗರು ಗಮನಿಸಬೇಕಾದ್ದು ಒಂದಿದೆ. ದೂರು ಲಿಖಿತವಾಗಿ ದಾಖಲಾದ್ದರಿಂದಲೇ ಸಂಖ್ಯೆ ಹೊರಬಂತು, ಸಂಖ್ಯೆ ಹೊರಬಂದದ್ದರಿಂದಲೇ ಸರಕಾರ ಕದಲಿತು. ಸಹಾಯವಾಣಿಯ ಸಂಖ್ಯೆ 1915.

ವಿಮೆಯ ಕಡೆಯಿಂದ ನಿಯಮಗಳು ಈಗ ಬಿಗಿಯಾಗಿವೆ. ವಿಮಾ ನಿಯಂತ್ರಣ ಪ್ರಾಧಿಕಾರ 2024ರ ಜೂನ್‌ನಲ್ಲಿ ಹೊರಡಿಸಿದ ಸುತ್ತೋಲೆಯಂತೆ 24 ಗಂಟೆಯೊಳಗೆ ಸರ್ವೇಯರನ್ನು ನೇಮಿಸಬೇಕು, ಅವರ ವರದಿ 15 ದಿನದಲ್ಲಿ ಬರಬೇಕು, ವರದಿ ಸೇರಿದ 7 ದಿನದಲ್ಲಿ ವಿಮಾ ಕಂಪನಿ ತೀರ್ಮಾನ ಹೇಳಬೇಕು. ಇದು ತಪ್ಪಿದರೆ ತೇನಾಂಪೇಟೆಯಲ್ಲಿರುವ ವಿಮಾ ಓಂಬುಡ್ಸ್‌ಮನ್ ಕಚೇರಿಗೆ ಶುಲ್ಕವಿಲ್ಲದೆ ದೂರು ಕೊಡಬಹುದು. ಆದರೆ ಈ ಗಡುವುಗಳೆಲ್ಲ ಕಾಗದ ಪತ್ರಗಳಿಗೆ. ತೀರ್ಮಾನವಾದ ಮೇಲೆ ಬಿಡಿಭಾಗ ಎಷ್ಟು ದಿನದಲ್ಲಿ ಬರಬೇಕು ಎಂಬುದಕ್ಕೆ ಆ ಸುತ್ತೋಲೆಯಲ್ಲಿ ಗಡುವಿಲ್ಲ. ತಡ ಕುಳಿತಿರುವುದೇ ಅಲ್ಲಿ. ವಿಮಾ ಕಂಪನಿ ಗ್ಯಾರೇಜನ್ನು ತೋರಿಸುತ್ತದೆ, ಗ್ಯಾರೇಜು ಡೀಲರನ್ನು, ಡೀಲರು ಕಂಪನಿಯನ್ನು. ಬಂಪರಿನ ಬೆಲೆಯ ವಿಷಯದಲ್ಲಿ ಇನ್ನೊಂದು ಮಾತು. ‘ಜೀರೋ ಡೆಪ್’ ಇಲ್ಲದ ಪಾಲಿಸಿಯಲ್ಲಿ ಪ್ಲಾಸ್ಟಿಕ್ ಭಾಗಗಳ ಅರ್ಧ ಬೆಲೆ ಮಾಲೀಕರದೇ. ರಿಪೇರಿ ವೆಚ್ಚ ಕಾರಿನ ವಿಮಾ ಮೌಲ್ಯದ ಶೇ. 75 ಮೀರಿದರೆ ಅದನ್ನು ಪೂರ್ತಿ ನಷ್ಟವೆಂದು ಪರಿಗಣಿಸುತ್ತಾರೆ. ಬ್ಯಾಟರಿಯೇ ಕಾರಿನ ಬೆಲೆಯ ದೊಡ್ಡ ಪಾಲಾದ್ದರಿಂದ, ಅದರ ಪೆಟ್ಟಿಗೆಗೆ ಹಾನಿಯಾದರೆ ಆ ಗೆರೆ ದಾಟುವುದು ಕಷ್ಟವಲ್ಲ.

ಬಿಡಿಭಾಗಗಳ ಮೇಲಿನ ಹಿಡಿತದ ಪ್ರಶ್ನೆ ಹಳೆಯದೇ. ಸ್ಪರ್ಧಾ ಆಯೋಗ 2014ರ ಆಗಸ್ಟ್ 25ರಂದು 14 ಕಾರು ಕಂಪನಿಗಳಿಗೆ ಒಟ್ಟು 2,544 ಕೋಟಿ ರೂಪಾಯಿಗೂ ಹೆಚ್ಚು ದಂಡ ವಿಧಿಸಿ, ಬಿಡಿಭಾಗಗಳೂ ದುರಸ್ತಿ ಮಾಹಿತಿಯೂ ಹೊರಗಿನ ಗ್ಯಾರೇಜುಗಳಿಗೆ ಸಿಗಬೇಕೆಂದು ಆದೇಶಿಸಿತು. ಕಂಪನಿಗಳು ಮೇಲ್ಮನವಿಯ ದಾರಿ ಹಿಡಿದವು. 2022ರ ಡಿಸೆಂಬರಿನಲ್ಲಿ ಕೇಂದ್ರ ಸರಕಾರ ‘ರೈಟ್ ಟು ರಿಪೇರ್’ ಹೆಸರಿನ ಜಾಲತಾಣ ತೆರೆಯಿತು. ಮಾಹಿತಿ ಕೊಡುವುದು ಒಳ್ಳೆಯದೇ, ಆದರೆ ಮಾಹಿತಿಯಿಂದ ಬಾಗಿಲು ಬರುವುದಿಲ್ಲ. ಮಾರುವ ಪ್ರತಿ ಮಾದರಿಗೂ ಬಂಪರ್, ಬಾಗಿಲು, ಲೈಟು, ಗಾಜು ಮುಂತಾದ ಸಾಮಾನ್ಯವಾಗಿ ಒಡೆಯುವ ಭಾಗಗಳನ್ನು ದೇಶದೊಳಗೆ ದಾಸ್ತಾನು ಇಡಬೇಕು, ನಿಗದಿತ ದಿನ ಮೀರಿದರೆ ಬದಲಿ ಕಾರನ್ನೋ ದಿನಭತ್ಯೆಯನ್ನೋ ಕಂಪನಿಯೇ ಕೊಡಬೇಕು ಎಂಬ ನಿಯಮ ಬೇಕಾಗಿದೆ. ತೆರಿಗೆ ರಿಯಾಯಿತಿ, ಜಮೀನು, ಸಬ್ಸಿಡಿ ಕೊಡುವ ಸರಕಾರಗಳಿಗೆ ಇಷ್ಟು ಷರತ್ತು ಹಾಕುವ ಹಕ್ಕಿಲ್ಲವೇ?

ಅದಾಗುವವರೆಗೆ ಕೊಳ್ಳುವವರೇ ಎಚ್ಚರವಾಗಿರಬೇಕು. ಮುಂಗಡ ಕೊಡುವ ಮೊದಲು ಚೆನ್ನೈಯಲ್ಲಿ ಆ ಬ್ರ್ಯಾಂಡಿನ ಟಿಂಕರಿಂಗ್ ಮಾಡುವ ಗ್ಯಾರೇಜು ಎಲ್ಲಿದೆ ಎಂದು ಕೇಳಿ, ಹೋಗಿ ಕಣ್ಣಾರೆ ನೋಡುವುದು ಲೇಸು. ಅಲ್ಲಿ ನಿಂತಿರುವ ಕಾರುಗಳ ಮೇಲಿನ ಧೂಳು ಮಾರಾಟಗಾರನ ಮಾತಿಗಿಂತ ಹೆಚ್ಚು ಹೇಳುತ್ತದೆ. ಪಾಲಿಸಿಯಲ್ಲಿ ಜೀರೋ ಡೆಪ್, ಬ್ಯಾಟರಿ ರಕ್ಷಣೆ ಇವೆಯೇ ಎಂದು ನೋಡಬೇಕು. ದಿನಭತ್ಯೆಯ ಸೌಲಭ್ಯ ಕೆಲವು ಪಾಲಿಸಿಗಳಲ್ಲಿದ್ದರೂ ಅದು ಕೆಲವೇ ದಿನಗಳಿಗೆ ಸೀಮಿತ. ಪೆಟ್ಟಾದ ಮೇಲೆ ಫೋನ್ ಮಾತನ್ನು ನಂಬದೆ ಪ್ರತಿ ಭರವಸೆಯನ್ನೂ ಇ-ಮೇಲ್‌ನಲ್ಲಿ ಬರೆಸಿಕೊಳ್ಳಬೇಕು. ಬಿಡಿಭಾಗ ಆರ್ಡರ್ ಮಾಡಿದ ದಿನಾಂಕ ಕಾಗದದ ಮೇಲೆ ಇದ್ದರೆ ಮುಂದೆ ಗ್ರಾಹಕ ಆಯೋಗದಲ್ಲಿ ಅದೇ ಸಾಕ್ಷಿ. 2019ರ ಗ್ರಾಹಕ ಕಾಯ್ದೆಯ ಪ್ರಕಾರ ದೂರುದಾರರು ತಾವು ವಾಸಿಸುವ ಜಿಲ್ಲೆಯಲ್ಲೇ ಮೊಕದ್ದಮೆ ಹೂಡಬಹುದು. ಕಂಪನಿಯ ಕಚೇರಿ ಮುಂಬಯಿಯಲ್ಲೋ ದೆಹಲಿಯಲ್ಲೋ ಇದ್ದರೂ ಅಲೆಯಬೇಕಾಗಿಲ್ಲ. ಊರು ಬಿಟ್ಟು ಬಂದವರಿಗೆ ಇದು ದೊಡ್ಡ ಅನುಕೂಲ.

ಕನ್ನಡ ಸಂಘಗಳ ಪಾಲೂ ಇದರಲ್ಲಿದೆ. ರಾಜ್ಯೋತ್ಸವದ ದಿನ ಸಭಾಂಗಣದ ಮುಂದೆ ರಿಬ್ಬನ್ ಕಟ್ಟಿದ ಹೊಸ ಕಾರು ನಿಲ್ಲಿಸುವುದು, ಸ್ಮರಣ ಸಂಚಿಕೆಯ ಹಿಂಬದಿ ಪುಟಕ್ಕೆ ಡೀಲರಿನಿಂದ ಜಾಹೀರಾತು ಪಡೆಯುವುದು ಎಷ್ಟೋ ಸಂಘಗಳಲ್ಲಿ ಕಾಣುವ ವಾಡಿಕೆ. ಖರ್ಚು ತೂಗಿಸಬೇಕಾದ ಪದಾಧಿಕಾರಿಗಳನ್ನು ಇದಕ್ಕಾಗಿ ದೂರುವಂತಿಲ್ಲ. ಆದರೆ ‘ಸಂಘದಲ್ಲೇ ನೋಡಿದ ಕಾರು’ ಎಂಬ ವಿಶ್ವಾಸದಿಂದ ಸದಸ್ಯರು ಕೊಳ್ಳುತ್ತಾರೆ. ಜಾಗ ಕೊಡುವ ಮುನ್ನ ಕಾರ್ಯದರ್ಶಿಗಳು ಡೀಲರಿನಿಂದ ಒಂದು ಪುಟದ ಪತ್ರ ಕೇಳಬಹುದು: ಬಾಡಿ ಷಾಪ್ ವಿಳಾಸ, ಬಿಡಿಭಾಗದ ಗೋದಾಮು ಇರುವ ಊರು, ರಿಪೇರಿ ತಡವಾದರೆ ಮಾತನಾಡಬೇಕಾದ ಅಧಿಕಾರಿಯ ಹೆಸರು ಮತ್ತು ದೂರವಾಣಿ. ಆ ಪತ್ರವನ್ನು ಸೂಚನಾ ಫಲಕದಲ್ಲಿ ಹಚ್ಚಬಹುದು. ಈಗಾಗಲೇ ಕಾರು ಸಿಕ್ಕಿಹಾಕಿಕೊಂಡಿರುವ ಸದಸ್ಯರ ಹೆಸರು, ದಿನಾಂಕಗಳನ್ನು ಸಂಘದ ಕಚೇರಿಯಲ್ಲಿ ಒಂದು ಪುಸ್ತಕದಲ್ಲಿ ಬರೆದಿಟ್ಟು, ಹತ್ತು ಜನರಾದ ಮೇಲೆ ಒಟ್ಟಾಗಿ ಕಂಪನಿಗೆ ಪತ್ರ ಬರೆಯಬಹುದು. ಒಬ್ಬರ ಫೋನನ್ನು ಕಂಪನಿ ಎತ್ತದಿರಬಹುದು. ಸಂಘದ ಲೆಟರ್‌ಹೆಡ್ಡಿನಲ್ಲಿ ಹತ್ತು ಸಹಿಗಳೊಂದಿಗೆ ಹೋದ ಪತ್ರಕ್ಕೆ, 1915ಕ್ಕೆ ಪ್ರತಿ ಕಳಿಸಿದೆ ಎಂಬ ಸಾಲೂ ಸೇರಿದರೆ, ಉತ್ತರ ಬರೆಯಲೇಬೇಕಾಗುತ್ತದೆ.