ಜೀರ್ಣೋದ್ಧಾರವೋ, ಗೃಹಸಂಹಾರವೋ?

ಕೆಡಹುವ ಕೆಲಸಕ್ಕೆ ಉದ್ಧಾರವೆಂದು ಹೆಸರಿಡುವ ವಾಡಿಕೆಯು ಮಲೆನಾಡಿನಲ್ಲಿಯೂ ಕರಾವಳಿಯಲ್ಲಿಯೂ ಈಗ ಬಲವಾಗಿ ಬೇರೂರಿದೆ. ಜೀರ್ಣೋದ್ಧಾರವೆಂದರೆ ಜೀರ್ಣವಾದುದನ್ನು ಎತ್ತಿ ನಿಲ್ಲಿಸುವುದು. ಗಟ್ಟಿಯಾಗಿ ನಿಂತಿರುವುದನ್ನು ನೆಲಕ್ಕೆ ಉರುಳಿಸುವುದಲ್ಲ. ‘ಮಯಮತ’ವೆಂಬ ವಾಸ್ತುಗ್ರಂಥದಲ್ಲಿ ಈ ಕಾರ್ಯಕ್ಕಾಗಿ ಒಂದು ಅಧ್ಯಾಯವೇ ಇದೆ. ಆಯ, ದಿಕ್ಕು, ಮೂಲೆಗಳ ವಿಚಾರದಲ್ಲಿ ಕ್ಷಣಕ್ಷಣಕ್ಕೂ ವಾಸ್ತುವಿನ ಹೆಸರನ್ನು ಜಪಿಸುವ ಗೃಹಸ್ಥರು ಆ ಅಧ್ಯಾಯದ ಕಡೆಗೆ ಮಾತ್ರ ಕಣ್ಣು ಹಾಯಿಸಿದಂತೆ ತೋರುವುದಿಲ್ಲ.

ಇಂತಹ ‘ಉದ್ಧಾರ’ವು ತಿಂಗಳಿನಿಂದ ತಿಂಗಳಿಗೆ ಮುಂದುವರಿಯುವ ಕ್ರಮವು ನೋಡಿದವರಿಗೆಲ್ಲ ಬಾಯಿಪಾಠವಾಗಿದೆ. ಮನೆ ತೀರ್ಥಹಳ್ಳಿಯ ಕಡೆಯದಾಗಲಿ, ಶಿರಸಿಯ ಕಡೆಯದಾಗಲಿ, ಕಥೆ ಒಂದೇ. ದೀಪಾವಳಿ ಕಳೆದು ಮಳೆ ಹಿಂದೆಗೆದ ಮೇಲೆ, ಬೆಂಗಳೂರಿನಿಂದಲೋ ಹೊರದೇಶದಿಂದಲೋ ಮಗನ ಹಣ ಬರುತ್ತದೆ. ಮೇಸ್ತ್ರಿಯು ಬಂದು ಗೋಡೆಯನ್ನು ಬೆರಳಿನಿಂದ ತಟ್ಟಿ, “ಮಣ್ಣಿನ ಗೋಡೆ ಅಯ್ಯಾ, ಇನ್ನೆಷ್ಟು ದಿನ?” ಎನ್ನುತ್ತಾನೆ. ನೂರು ಮಳೆಗಾಲಗಳನ್ನು ಕಂಡ ಗೋಡೆಗೆ ಆ ಒಂದು ಮಾತೇ ಮರಣಶಾಸನ. ಮಾರ್ಗಶಿರದಲ್ಲಿ ಹೆಂಚು ಇಳಿಯುತ್ತದೆ. ಪುಷ್ಯದಲ್ಲಿ ಹಲಸು ಬೀಟೆಗಳ ಕಂಬಗಳು ಬೋದಿಗೆಸಹಿತವಾಗಿ ಲಾರಿಯನ್ನೇರುತ್ತವೆ. ಹಳೆಯ ಮನೆಗಳ ಇಂತಹ ಕಂಬಗಳು ಕಾರೈಕುಡಿಯ ಅಂಗಡಿಗಳಲ್ಲಿಯೂ ಕೊಚ್ಚಿಯ ಮಟ್ಟಂಚೇರಿಯಲ್ಲಿಯೂ ಮಾರಾಟಕ್ಕೆ ನಿಂತಿರುವುದನ್ನು ಯಾರು ಬೇಕಾದರೂ ನೋಡಿಬರಬಹುದು. ಮಾಘದಲ್ಲಿ ತೊಟ್ಟಿಗೆ ಮುಚ್ಚಳ ಬೀಳುತ್ತದೆ. ಫಾಲ್ಗುಣದಲ್ಲಿ ಕಾಂಕ್ರೀಟಿನ ತಾರಸಿ. ಚೈತ್ರದಲ್ಲಿ ಕನ್ನಡಿಯಂತಹ ಟೈಲು. ಅದರ ಮೇಲೆ ಮೊದಲು ಜಾರಿ ಬೀಳುವವರು ಮನೆಯ ಅಜ್ಜಿ. ವೈಶಾಖದಲ್ಲಿ ಗೃಹಪ್ರವೇಶ, ಇನ್ನೂರು ಎಲೆಯ ಊಟ. ಆಷಾಢದಲ್ಲಿ ಸೋರಿಕೆ.

ಈ ಕಡೆಯ ಪ್ರಕರಣವು ವಿಶೇಷವಾಗಿ ವಿಚಾರಾರ್ಹವಾದುದು. ವರ್ಷಕ್ಕೆ ಸರಾಸರಿ 7000 ಮಿಲಿಮೀಟರಿಗೂ ಮಿಗಿಲಾಗಿ ಮಳೆ ಸುರಿಯುವ ಆಗುಂಬೆಯಂತಹ ಸೀಮೆಯಲ್ಲಿ ಚಪ್ಪಟೆಯಾದ ಮಾಡನ್ನು ಕಟ್ಟಿದರೆ ನೀರು ಹೋಗುವುದಾದರೂ ಎಲ್ಲಿಗೆ? ಸೋರಲಾರಂಭಿಸಿದ ಎರಡು ಮೂರು ವರ್ಷಗಳಲ್ಲಿ ಅದೇ ತಾರಸಿಯ ಮೇಲೆ ಕಬ್ಬಿಣದ ಕಂಬಗಳನ್ನು ನೆಟ್ಟು, ಇಳಿಜಾರಾಗಿ ತಗಡನ್ನು ಹೊದಿಸುತ್ತಾರೆ. ಇಳಿಜಾರಿನ ಹೆಂಚನ್ನು ತೆಗೆದು ತಾರಸಿ. ತಾರಸಿಯನ್ನು ಕಾಪಾಡಲು ಇಳಿಜಾರಿನ ತಗಡು! ಊರೂರಿನಲ್ಲಿಯೂ ಹೀಗೆ ಕೊಡೆ ಹಿಡಿದು ನಿಂತ ತಾರಸಿಗಳನ್ನು ಕಂಡೂ ನೆರೆಮನೆಯವರು ಮತ್ತೆ ತಾರಸಿಗೇ ಮುಂಗಡ ಕೊಡುತ್ತಾರೆಂದರೆ, ಇದನ್ನು ಅನುಕೂಲದ ವಿಚಾರವೆನ್ನುವುದು ಹೇಗೆ? ಇದು ಅಂತಸ್ತಿನ ವಿಚಾರ. ಬಾಸೆಲ್ ಮಿಷನ್ನಿನವರು 1865ರಲ್ಲಿ ಮಂಗಳೂರಿನಲ್ಲಿ ತಯಾರಿಸಲಾರಂಭಿಸಿದ ಹೆಂಚು ಒಂದು ಕಾಲಕ್ಕೆ ಸೋಗೆ ಹುಲ್ಲುಗಳ ಮಾಡಿನ ಮುಂದೆ ಸಿರಿವಂತಿಕೆಯ ಗುರುತಾಗಿತ್ತು. ಈಗ ಅದೇ ಹೆಂಚು ಬಡತನದ ಗುರುತೆನಿಸಿಕೊಂಡಿದೆ. ಹೆಂಚು ಬದಲಾಗಿಲ್ಲ, ಮಳೆಯೂ ಬದಲಾಗಿಲ್ಲ.

ತಾರಸಿಯನ್ನು ಬಯಸಿದೊಡನೆ ಗೋಡೆಯೂ ಹೋಗಲೇಬೇಕೆಂಬುದನ್ನು ಗೃಹಸ್ಥರು ಮೊದಲು ಅರಿತಿರುವುದಿಲ್ಲ. ನಾಲ್ಕಂಗುಲ ದಪ್ಪದ ಕಾಂಕ್ರೀಟು ಚದರ ಮೀಟರಿಗೆ ಸುಮಾರು 250 ಕಿಲೋ ತೂಗುತ್ತದೆ. ಹೆಂಚು, ರೀಪು, ಪಕಾಸಿಗಳೆಲ್ಲ ಸೇರಿದರೂ ಅದರ ಮೂರರಲ್ಲೊಂದು ಪಾಲಿನ ಆಸುಪಾಸು. ಹಗುರವಾದ ಮಾಡನ್ನು ಹೊತ್ತ ಮಣ್ಣಿನ ಗೋಡೆಯ ಮೇಲೆ ಈ ಭಾರವನ್ನು ಹೇರುವಂತಿಲ್ಲ. ಆದುದರಿಂದ ಗೋಡೆ ಬೀಳುತ್ತದೆ, ಗೋಡೆಯೊಡನೆ ಬಾಗಿಲುವಾಡ ಬೀಳುತ್ತದೆ, ಕಡೆಗೆ ಮನೆಯ ಹೆಸರೊಂದು ಉಳಿಯುತ್ತದೆ. ಅಷ್ಟಾಗಿ ಕಾಂಕ್ರೀಟಾದರೂ ಶಾಶ್ವತವೆ? ಒಳಗಿನ ಸರಳಿಗೆ ತೇವ ತಗಲಿ ತುಕ್ಕು ಹಿಡಿದರೆ ಅದು ಉಬ್ಬಿ ಕಾಂಕ್ರೀಟನ್ನು ಒಳಗಿನಿಂದಲೇ ಸೀಳುತ್ತದೆ. ಕಡಲಿನ ಉಪ್ಪುಗಾಳಿ ಬೀಸುವಲ್ಲಿ ಈ ರೋಗಕ್ಕೆ ಇನ್ನೂ ಅವಸರ.

ಇನ್ನು ಗೋಡೆಯನ್ನು ಉಳಿಸಿಕೊಂಡವರ ಪಾಡು. ಇವರು ಗೋಡೆಯನ್ನು ಉಳಿಸಿ, ಅದರ ಮೇಲೆ ಸಿಮೆಂಟನ್ನು ಬಳಿದು ಕೊಲ್ಲುತ್ತಾರೆ. ಹಳೆಯ ಮನೆಗಳ ಬುನಾದಿಯಲ್ಲಿ ನೆಲದ ತೇವವನ್ನು ತಡೆಯುವ ಪದರವಿಲ್ಲ. ಮಳೆಗಾಲದಲ್ಲಿ ನೀರು ಗೋಡೆಯೊಳಗೆ ಮೇಲೇರುತ್ತದೆ. ಸುಣ್ಣದ ಗಿಲಾವು ಈ ತೇವವನ್ನು ಹೊರಕ್ಕೆ ಬಿಟ್ಟುಕೊಡುತ್ತದೆ. ಬಿಸಿಲು ಬಂದರೆ ಗೋಡೆ ಒಣಗುತ್ತದೆ. ಸಿಮೆಂಟಿನ ಗಿಲಾವಾದರೋ ಗೋಡೆಯ ಮೂಗುಬಾಯಿಗಳನ್ನು ಬಿಗಿಯುತ್ತದೆ. ಒಳಗೆ ಸಿಕ್ಕ ತೇವವು ಇನ್ನೂ ಮೇಲಕ್ಕೆ ಹತ್ತಿ, ಉಪ್ಪನ್ನು ಹೊತ್ತು ತಂದು, ಬಣ್ಣವನ್ನು ಉದುರಿಸಿ, ತೊಲೆಯ ತುದಿಯನ್ನು ಕೊಳೆಯಿಸಿ, ಗೆದ್ದಲಿಗೆ ಔತಣವನ್ನಿಡುತ್ತದೆ. ಆಗ ಮೇಸ್ತ್ರಿ ಮತ್ತೆ ಬಂದು, “ಹಳೇ ಗೋಡೆ, ನಾನು ಆಗಲೇ ಹೇಳಿದ್ದೆ” ಎನ್ನುತ್ತಾನೆ. ಗೋಡೆಯು ಅವನ ಮದ್ದಿನಿಂದ ಸತ್ತಿತೇ ಹೊರತು ವಯಸ್ಸಿನಿಂದಲ್ಲ.

ಸುಣ್ಣದ ಗಾರೆಗೆ ಬಲವಿಲ್ಲವೆಂಬ ಮಾತನ್ನು ಓದಿದವರೂ ಆಡುತ್ತಾರೆ. 1911ರಲ್ಲಿ ಆರಂಭವಾದ ಕನ್ನಂಬಾಡಿ ಕಟ್ಟೆಯ ಕಲ್ಲುಗಳನ್ನು ಹಿಡಿದಿರುವುದು ಸುರ್ಕಿಗಾರೆ, ಎಂದರೆ ಸುಣ್ಣದೊಡನೆ ಸುಟ್ಟ ಇಟ್ಟಿಗೆಯ ಪುಡಿಯನ್ನು ಅರೆದ ಗಾರೆ. ಕಾವೇರಿಯನ್ನು ತಡೆದು ನಿಲ್ಲಿಸಿದ ವಸ್ತುವು ಒಂದು ಪಡಸಾಲೆಯನ್ನು ನಿಲ್ಲಿಸಲಾರದೆಂದು ನಂಬಲು ವಿಶೇಷವಾದ ವಿದ್ಯಾಭ್ಯಾಸವೇ ಬೇಕು. ಗಾಣದಲ್ಲಿ ಅರೆದು, ಅಳಲೆಕಾಯಿಯ ನೀರನ್ನೂ ಬೆಲ್ಲದ ನೀರನ್ನೂ ಕೂಡಿಸಿ ಹದಗೊಳಿಸುತ್ತಿದ್ದ ಗಾರೆಯು ಗಾಳಿಯೊಳಗಿನ ಇಂಗಾಲಾಮ್ಲವನ್ನು ಹೀರಿಕೊಂಡು ವರ್ಷಗಟ್ಟಲೆ ಮೆಲ್ಲಮೆಲ್ಲನೆ ಗಟ್ಟಿಯಾಗುತ್ತದೆ. ‘ಮೆಲ್ಲಮೆಲ್ಲನೆ’ ಎಂಬುದೇ ಅದರ ಅಪರಾಧ. ಮಗನಿಗೆ ದೊರೆತಿರುವ ರಜೆ ಮೂರು ವಾರ; ಸುಣ್ಣವು ರಜೆಯ ಲೆಕ್ಕವನ್ನು ಕೇಳುವುದಿಲ್ಲ. ಗಾರೆಯ ಕೆಲಸವನ್ನು ಬಲ್ಲವರು ಈಗ ವಿರಳವೆಂಬುದು ನಿಜ, ಅವರ ಕೂಲಿ ಹೆಚ್ಚೆಂಬುದೂ ನಿಜ. ಕೆಲಸ ಕೊಡುವವರಿಲ್ಲದೆ ಕಸುಬು ಉಳಿಯುವುದೆಂತು?

ಹಳೆಯ ಮನೆಯನ್ನು ಹೊಗಳುವವರು ಅದರಲ್ಲಿ ವಾಸಿಸುವುದಿಲ್ಲವೆಂಬ ಆಕ್ಷೇಪವೊಂದುಂಟು. ಇದು ಬಲವಾದ ಆಕ್ಷೇಪ, ನಕ್ಕು ತಳ್ಳಿಹಾಕತಕ್ಕುದಲ್ಲ. ಹೊಗೆ ಕಟ್ಟಿದ ಕತ್ತಲೆಯ ಅಡಿಗೆಮನೆಯಲ್ಲಿ ಕಣ್ಣು ಕಳೆದುಕೊಂಡ ಮುದುಕಿಯರಿದ್ದಾರೆ. ಸುರಿಯುವ ಮಳೆಯಲ್ಲಿ, ನಡುರಾತ್ರಿಯಲ್ಲಿ, ಬಸುರಿ ಹೆಂಗಸು ಅಂಗಳವನ್ನು ದಾಟಿ ಬಚ್ಚಲಿಗೆ ಹೋಗಬೇಕಾದ ಮನೆಯನ್ನು ಸಂಸ್ಕೃತಿಯ ಹೆಸರಿನಿಂದ ಹೊಗಳುವುದು ನಿರ್ದಯವಾದ ರಸಿಕತೆ. ಆದರೆ ಆಕ್ಷೇಪಿಸುವ ಮಹನೀಯರು ತಮ್ಮ ಖರ್ಚಿನ ಪಟ್ಟಿಯನ್ನು ಒಮ್ಮೆ ತೆರೆದು ನೋಡಲಿ. ಮೊದಲ ಹಣ ಮುಂಬಾಗಿಲಿನ ಪೋರ್ಟಿಕೋಗೆ ಹೋಯಿತು, ಅನಂತರದ್ದು ತಾರಸಿಗೆ, ಅನಂತರದ್ದು ಬೀದಿಯವರು ನೋಡುವ ಕಾಂಪೌಂಡಿಗೆ. ಅಡಿಗೆಮನೆಯ ಸರದಿ ಬರುವ ಹೊತ್ತಿಗೆ ಹಣವೂ ಮುಗಿಯಿತು, ರಜೆಯೂ ಮುಗಿಯಿತು. ಹೊಗೆಗೂಡನ್ನು ಎತ್ತರಿಸಿ ಕಿಟಕಿಯೊಂದನ್ನು ತೆರೆಯುವುದಕ್ಕೂ, ಹಿಂದಿನ ಜಗಲಿಯ ತುದಿಗೆ ಬಚ್ಚಲನ್ನು ಸೇರಿಸುವುದಕ್ಕೂ, ಒಂದೇ ಒಂದು ಕಂಬವನ್ನೂ ಮಾರಬೇಕಾದುದಿಲ್ಲ. ಹೆಂಗಸರ ಕಷ್ಟವನ್ನು ಮುಂದಿಟ್ಟು ಕೆಡಹುವರು. ಕೆಡಹಿದ ಮೇಲೆ ಗಂಡಸರ ಕಾರಿಗೆ ನೆರಳು ಕಟ್ಟುವರು.

ಈ ನಿರ್ಣಯಗಳನ್ನು ಮಾಡುವವರಾದರೂ ಯಾರು? ಕರ್ನಾಟಕದಲ್ಲಿ 1994ರಿಂದಲೂ, ಇಡೀ ದೇಶದಲ್ಲಿ 2005ರಿಂದಲೂ ಹಿಂದೂ ಅವಿಭಕ್ತ ಕುಟುಂಬದ ಆಸ್ತಿಯಲ್ಲಿ ಹೆಣ್ಣುಮಕ್ಕಳಿಗೂ ಹುಟ್ಟಿನಿಂದಲೇ ಹಕ್ಕನ್ನು ಕಾನೂನು ಕೊಟ್ಟಿದೆ. ಪಾಲುಪತ್ರಕ್ಕೆ ರುಜು ಹಾಕಲು ಅವರನ್ನು ಕರೆಯುತ್ತಾರೆ. ತೊಟ್ಟಿಯನ್ನು ಮುಚ್ಚುವ ದಿನ ಕರೆಯುವುದಿಲ್ಲ. ಆ ಮನೆಯಲ್ಲಿ ಹುಟ್ಟಿ, ಆ ತೊಟ್ಟಿಯ ಬೆಳಕಿನಲ್ಲಿ ಅಕ್ಷರ ಕಲಿತವಳು ಗೃಹಪ್ರವೇಶಕ್ಕೆ ಬಂದಾಗ ಹಗಲಿನಲ್ಲಿಯೇ ದೀಪ ಉರಿಯುತ್ತಿರುತ್ತದೆ, ಫ್ಯಾನು ತಿರುಗುತ್ತಿರುತ್ತದೆ. ಬಿಸಿಗಾಳಿಯು ಮೇಲೇರಿ ಹೊರಗೆ ಹೋಗುತ್ತಿದ್ದ ದಾರಿಯನ್ನು ಕಟ್ಟಿದ ಮೇಲೆ ಬೇರೇನಾದೀತು?

ವಿಜಯನಾಥ ಶೆಣೈಯವರು (ನಿಧನ 2017) ಬೀಳಲಿದ್ದ ಹಳೆಯ ಮನೆಗಳನ್ನು ಬಿಚ್ಚಿಸಿ ತಂದು ಮಣಿಪಾಲದ ಹಸ್ತಶಿಲ್ಪ ಗ್ರಾಮದಲ್ಲಿ ಮತ್ತೆ ನಿಲ್ಲಿಸಿದರು. ಅದು ದೊಡ್ಡ ಸಾಹಸವೇ ಸರಿ. ಆದರೆ ಹಣ ಕೊಟ್ಟು ಒಳಗೆ ಹೋಗಿ, ಅಲ್ಲಿಯ ಕಂಬವನ್ನು ತಡವಿ ನಿಟ್ಟುಸಿರಿಟ್ಟು, ಊರಿಗೆ ಮರಳಿದ ವಾರದಲ್ಲಿಯೇ ತನ್ನ ಮನೆಯ ಕಂಬಕ್ಕೆ ಬೆಲೆ ಕಟ್ಟಿಸುವವನಿಗೆ ಏನೆನ್ನಬೇಕು? ಆ ಮನೆಗಳು ಅಲ್ಲಿಗೆ ಬರಬೇಕಾದುದೇ ಅವನಂತಹವರಿಂದ.

ಈ ವರ್ಷವೂ ದೀಪಾವಳಿಯ ಮರುದಿನದಿಂದ ಲಾರಿಗಳು ಬರುತ್ತವೆ. ಯಜಮಾನರು ಮುಂಗಡ ಕೊಡುವ ಮೊದಲು ಏಣಿಯೊಂದನ್ನು ತರಿಸಿ ಅಟ್ಟವನ್ನು ಹತ್ತಲಿ. ಪ್ರತಿಯೊಂದು ತೊಲೆಯ ತುದಿಯನ್ನೂ ಮೊಳೆಯಿಂದ ಚುಚ್ಚಿ ನೋಡಲಿ. ಮೆತ್ತಗಾದುದೆಷ್ಟು, ಗಟ್ಟಿಯಿರುವುದೆಷ್ಟು ಎಂಬ ಲೆಕ್ಕವನ್ನು ಕಾಗದದ ಮೇಲೆ ಬರೆದು, ಅದನ್ನು ಅಡಿಗೆಮನೆಯಲ್ಲಿರುವವರ ಮುಂದೆಯೂ ಗಂಡನ ಮನೆಯಲ್ಲಿರುವ ಹೆಣ್ಣುಮಕ್ಕಳ ಮುಂದೆಯೂ ಇಡಲಿ. ಮೇಸ್ತ್ರಿಗೆ ಹೇಳಿಕಳುಹಿಸುವುದು ಅದಾದ ಮೇಲೆ.