ಹೊಗೆಯಿಲ್ಲವೆಂದರೆ ಅನ್ಯಾಯವೂ ಇಲ್ಲವೇ?

ಗಾಳಿ ವಿದ್ಯುತ್ತನ್ನು ಪ್ರಶ್ನಿಸುವವರೆಲ್ಲ ಪ್ರಗತಿಯ ವಿರೋಧಿಗಳೆಂಬ ಮಾತು ಹಾವೇರಿ, ರಾಣೆಬೆನ್ನೂರು, ಬ್ಯಾಡಗಿಯ ನಮ್ಮ ಮನೆಗಳಲ್ಲೂ ಕೇಳಿಬರುತ್ತಿದೆ. ಕಲ್ಲಿದ್ದಲಿನ ಹೊಗೆಗಿಂತ ಗಾಳಿಯಂತ್ರ ಮೇಲೆಂಬುದು ನಿಜ. ಆದರೆ ಹೊಗೆಯಿಲ್ಲದ ಮಾತ್ರಕ್ಕೆ ಯೋಜನೆಯೊಂದು ನ್ಯಾಯಯುತವಾಗದು.

ನೆರೆಯ ಗದಗ ಜಿಲ್ಲೆಯ ಕಪ್ಪತಗುಡ್ಡವನ್ನೇ ನೋಡಿ. ಔಷಧೀಯ ಸಸ್ಯಗಳ ಆ ತಾಣವನ್ನು ಗಣಿಗಾರಿಕೆಯಿಂದ ಉಳಿಸಲು ಜನರು ಬೀದಿಗಿಳಿದರು. 2019ರಲ್ಲಿ ಅದು ವನ್ಯಜೀವಿಧಾಮವಾಯಿತು. ಗಾಳಿಯಂತ್ರಗಳು ಮಾತ್ರ ಅದಕ್ಕೂ ಮೊದಲೇ ಗುಡ್ಡವನ್ನೇರಿದ್ದವು. ಯಂತ್ರ ನಿಲ್ಲಬೇಕಾದರೆ ಗುಡ್ಡ ಕಡಿದು ರಸ್ತೆ ಮಾಡಬೇಕು, ಅಡಿಪಾಯ ತೋಡಬೇಕು, ತಂತಿ ಎಳೆಯಬೇಕು.

ಇಷ್ಟಾದರೂ ಊರವರನ್ನು ಕೇಳುವವರಾರು? 2006ರ ಪರಿಸರ ಪರಿಣಾಮ ಅಧಿಸೂಚನೆಯ ಪಟ್ಟಿಯಲ್ಲಿ ಗಾಳಿ ವಿದ್ಯುತ್ ಯೋಜನೆಗಳಿಲ್ಲ. ಹಾಗಾಗಿ ಅದರಡಿ ಸಾರ್ವಜನಿಕ ಅಹವಾಲು ಸಭೆಯೂ ಕಡ್ಡಾಯವಲ್ಲ. ಕುರಿಗಾಹಿಗೆ ತನ್ನ ಹುಲ್ಲುಗಾವಲು ಹೋದ ಸುದ್ದಿ ಬೇಲಿ ಬಿದ್ದ ಮೇಲೆಯೇ ತಿಳಿಯಬಹುದು.

ನೀರು, ಹುಲ್ಲು, ಬೆಂಕಿಯಲ್ಲಿ ಜನರೆಲ್ಲರೂ ಪಾಲುದಾರರೆಂದು ಪ್ರವಾದಿ(ಸ) ಕಲಿಸಿದರು. ಪಾಲುದಾರನನ್ನು ಕೇಳದೆ ನಡೆಸುವ ವ್ಯವಹಾರವನ್ನು ನಮ್ಮ ಪೇಟೆಯ ವ್ಯಾಪಾರಿಯೂ ಒಪ್ಪಲಾರ.

ರಾಣೆಬೆನ್ನೂರಿನ ಕೃಷ್ಣಮೃಗ ಧಾಮ 119 ಚದರ ಕಿಲೋಮೀಟರ್ ವಿಸ್ತಾರವಾದುದು. ಅದರ ಸುತ್ತಲಿನ ಬಯಲಾಗಲಿ, ನಮ್ಮ ಜಿಲ್ಲೆಯ ಯಾವುದೇ ಗುಡ್ಡವಾಗಲಿ, ಗ್ರಾಮಸಭೆಯ ಒಪ್ಪಿಗೆ ಮತ್ತು ಪಕ್ಷಿ-ಪ್ರಾಣಿಗಳ ಸಮೀಕ್ಷೆಯಿಲ್ಲದೆ ಯಂತ್ರಗಳಿಗೆ ಬಿಟ್ಟುಕೊಡಬಾರದು.

ಖಬರಸ್ತಾನದ ಒಂದು ಗಜ ಜಾಗಕ್ಕಾಗಿ ಮನವಿಪತ್ರ ಹಿಡಿದು ಜಿಲ್ಲಾಧಿಕಾರಿ ಕಚೇರಿಗೆ ಧಾವಿಸುವ ನಮ್ಮ ಜಮಾಅತ್‌ಗಳು ಗುಡ್ಡದ ವಿಷಯ ಬಂದಾಗ 'ಅದು ನಮ್ಮದಲ್ಲ' ಎನ್ನುತ್ತವೆ. ಭೂಮಿಯ ಅಮಾನತ್ತನ್ನು ಹೊತ್ತ ಸಮುದಾಯ ಹಾಗೆನ್ನಬಹುದೇ? ಮುಂದಿನ ಮನವಿಪತ್ರ ಕುರಿಗಾಹಿಯ ಪರವಾಗಿರಲಿ.